ಕೋಲಿಗೆ ತಕ್ಕ ದಾರ: ಗಾಳ ಹಾಕುವ ರೈತರಿಗೆ ಒಂದು ಪಾಠ



ಮಳೆ ಬಿದ್ದು ಕೆರೆಗೆ ನೀರು ಬಂದಿತೆಂದರೆ ನಮ್ಮ ಕಡೆಯ ಮನೆಗಳಲ್ಲಿ ಗಾಳದ ಕೋಲುಗಳು ಅಟ್ಟದಿಂದ ಕೆಳಗಿಳಿಯುತ್ತವೆ. ಕೆಂಗೇರಿಯಿಂದಾಚೆ ರಾಮೋಹಳ್ಳಿಯ ಕಡೆಗೆ ಹೋದರೆ ಸಂಜೆಯ ಹೊತ್ತು ಏರಿಯ ಮೇಲೆ ಬಿದಿರು ಕೋಲು ಹಿಡಿದು ಕುಳಿತ ಹಿರಿಯರನ್ನು ಕಾಣಬಹುದು. ಭಾನುವಾರವಾದರೆ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಿಂದ ಹುಡುಗರು ಹೊಸ ಬಗೆಯ ಕೋಲು, ರಾಟೆ ಹೊತ್ತುಕೊಂಡು ಬರುತ್ತಾರೆ. ಅವರನ್ನು ನೋಡಿ ನಮ್ಮ ಹಳ್ಳಿಯ ತರುಣರೂ ಪೇಟೆಯ ಅಂಗಡಿಗೆ ಹೋಗಿ ಅಂಥದೇ ಕೋಲನ್ನು ತರುತ್ತಿದ್ದಾರೆ. ಕೋಲೇನೋ ಚೆಂದವಾಗಿಯೇ ಇರುತ್ತದೆ. ತಪ್ಪುವುದು ದಾರದಲ್ಲಿ.

“ದಪ್ಪನಾದುದು ಕೊಡಿ, ಹರಿಯಬಾರದು” ಎಂದು ಕೇಳಿ ತರುವವರು ಕೆಲವರು. “ಅಗ್ಗದ್ದು ಕೊಡಿ, ದಾರ ದಾರವೇ ತಾನೆ” ಎಂದು ತರುವವರು ಇನ್ನು ಕೆಲವರು. ಎರಡೂ ನಷ್ಟದ ದಾರಿ. ನಾನು ಎರಡನೆಯ ಗುಂಪಿನವನಾಗಿದ್ದೆ. ಅದರಿಂದ ಆದ ಹಾನಿಯನ್ನು ಮೊದಲು ಹೇಳಿ, ಆಮೇಲೆ ಪಾಠಕ್ಕೆ ಬರುತ್ತೇನೆ.

ನನ್ನ ತಪ್ಪು

ಕೃಷಿ ಡಿಪ್ಲೊಮಾ ಮುಗಿಸಿ ಹಳ್ಳಿಗಳನ್ನು ಸುತ್ತುವ ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಉಂಡೆ ನೈಲಾನ್ ದಾರ ಕೊಂಡಿದ್ದೆ. ಬೇಸಗೆಯೆಲ್ಲ ಅದು ಕಿಟಕಿಯ ಬಳಿ ಬಿಸಿಲಿನಲ್ಲೇ ಬಿದ್ದಿತ್ತು. ಮಳೆಗಾಲದಲ್ಲಿ ಅದನ್ನೇ ಕೋಲಿಗೆ ಕಟ್ಟಿ ಒಂದು ಕೆರೆಗೆ ಹೋದೆ. ದೊಡ್ಡ ಗೆಂಡೆ ಮೀನೊಂದು ಕಚ್ಚಿತು. ಎಳೆದೆ, ಗಂಟಿನ ಬಳಿ ದಾರ ಹರಿಯಿತು. ಮೀನು ಗಾಳ ನುಂಗಿಕೊಂಡು ಹೋಯಿತು. ಸಿಟ್ಟಿನಿಂದ ಉಳಿದ ದಾರವನ್ನೆಲ್ಲ ಸುರುಳಿ ಬಿಚ್ಚಿ ಏರಿಯ ಮೇಲೆ ಎಸೆದು ಮನೆಗೆ ಬಂದೆ.

ಮೂರು ವಾರದ ಮೇಲೆ ಅದೇ ಊರಿನ ರೈತರೊಬ್ಬರು ನನ್ನನ್ನು ಕರೆದು ತಮ್ಮ ಕರುವನ್ನು ತೋರಿಸಿದರು. ಮುಂಗಾಲಿನ ಗೊರಸಿನ ಮೇಲ್ಭಾಗಕ್ಕೆ ಕಣ್ಣಿಗೆ ಕಾಣದಷ್ಟು ಸಣ್ಣ ದಾರ ಸುತ್ತಿಕೊಂಡು, ಚರ್ಮ ಕೊಯ್ದು, ಮಾಂಸದೊಳಕ್ಕೆ ಇಳಿದಿತ್ತು. ಗಾಯದಲ್ಲಿ ಹುಳು ಬಿದ್ದಿತ್ತು. ಪಶುವೈದ್ಯರು ಬಂದು ದಾರವನ್ನು ಕತ್ತರಿಸಿ ತೆಗೆದರು. ಕರು ಬದುಕಿತು; ಆದರೆ ಕುಂಟುವುದು ನಿಲ್ಲಲಿಲ್ಲ. ಆ ದಾರದ ಬಣ್ಣ ನನಗೆ ಗುರುತಿತ್ತು. ಆ ರೈತರು “ಪೇಟೆ ಹುಡುಗರು ಎಸೆದು ಹೋಗಿದ್ದಾರೆ ಸ್ವಾಮಿ” ಎಂದರು. ಎಸೆದವನು ನಾನೇ ಎಂದು ಹೇಳಲು ನನಗೆ ಎರಡು ದಿನ ಬೇಕಾಯಿತು.

ಆದ್ದರಿಂದ ಈ ಪಾಠದಲ್ಲಿ ಎರಡು ಮಾತುಗಳಿವೆ. ದಾರವನ್ನು ಕೋಲಿಗೂ, ನೀರಿಗೂ, ಮೀನಿಗೂ ತಕ್ಕಂತೆ ಆರಿಸಬೇಕು. ಆಗ ಅದು ಹರಿಯುವುದು ಅಪರೂಪ. ಹರಿದ ದಾರದ ಪ್ರತಿಯೊಂದು ತುಂಡನ್ನೂ ಮನೆಗೆ ತರಬೇಕು.

ದಾರದ ಮೂರು ಜಾತಿ

ಗಾಳ ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಅರಸನಾದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಗಾಳ ಹಾಕುವುದಕ್ಕೆಂದೇ ‘ಮತ್ಸ್ಯವಿನೋದ’ ಎಂಬ ಭಾಗವಿದೆ. ಹಿಂದಿನವರಿಗೆ ನಾರು, ನೂಲುಗಳೇ ದಾರ. ಅಮೆರಿಕದ ಡ್ಯುಪಾಂಟ್ ಕಂಪನಿಯಲ್ಲಿ ವ್ಯಾಲೇಸ್ ಕರೋಥರ್ಸ್ ಎಂಬ ರಸಾಯನ ವಿಜ್ಞಾನಿ 1935ರಲ್ಲಿ ನೈಲಾನನ್ನು ತಯಾರಿಸಿದ ಮೇಲೆ ಗಾಳದ ದಾರದ ಬಗೆಯೇ ಬದಲಾಯಿತು. ಈಗ ಅಂಗಡಿಯಲ್ಲಿ ಸಿಗುವ ದಾರಗಳು ಮುಖ್ಯವಾಗಿ ಮೂರು.

1. ಒಂಟಿ ಎಳೆಯ ನೈಲಾನ್ ದಾರ. ಇದನ್ನು ಅಂಗಡಿಯವರು ಮೋನೋ ಎನ್ನುತ್ತಾರೆ. ಬೆಲೆ ಕಡಿಮೆ. ಎಳೆದರೆ ಹಿಗ್ಗುವುದು ಇದರ ಮುಖ್ಯ ಗುಣ. ಮೀನು ತಲೆ ಕೊಡವಿದಾಗ ಆ ಹೊಡೆತವನ್ನು ಹಿಗ್ಗಿ ತಡೆದುಕೊಳ್ಳುವುದು. ದೋಷವೆಂದರೆ ಇದು ನೀರನ್ನು ಸ್ವಲ್ಪ ಹೀರಿ, ನೆನೆದ ಮೇಲೆ ಒಣಗಿದ್ದಾಗಿನ ಬಲದಲ್ಲಿ ಸ್ವಲ್ಪ ಕಳೆದುಕೊಳ್ಳುವುದು. ಬಿಸಿಲಿನಲ್ಲಿ ಬಿಟ್ಟರೆ ಬಲಗುಂದುವುದು.

2. ಹೆಣೆದ ದಾರ. ಇದನ್ನು ಬ್ರೇಡ್ ಎನ್ನುವರು. ಪಾಲಿಥೀನ್ ಜಾತಿಯ ಬಹು ಸಣ್ಣ ಎಳೆಗಳನ್ನು ಜಡೆಯಂತೆ ಹೆಣೆದು ಮಾಡಿದ್ದು. ಒಂದೇ ದಪ್ಪದ ನೈಲಾನಿಗಿಂತ ಬಹಳ ಬಲ. ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ನೀರಿನ ಮೇಲೆ ತೇಲುವುದು. ಆದರೆ ಕಲ್ಲಿಗೆ ಉಜ್ಜಿದರೆ ಎಳೆಗಳು ಬೇಗ ಕಿತ್ತುಹೋಗುವುವು. ಬರಿಗೈಗೆ ಸುತ್ತಿ ಎಳೆದರೆ ಚಾಕುವಿನಂತೆ ಕೊಯ್ಯುವುದು.

3. ಫ್ಲೂರೋಕಾರ್ಬನ್ ದಾರ. ಇದೂ ಒಂಟಿ ಎಳೆಯದೇ. ನೀರಿಗಿಂತ ಸುಮಾರು 1.78 ಪಟ್ಟು ಭಾರವಾದುದರಿಂದ ಮುಳುಗುವುದು. ಬೆಳಕು ಇದರೊಳಗೆ ಬಾಗುವ ರೀತಿ ನೀರಿನದಕ್ಕೆ ಹತ್ತಿರವಾದುದರಿಂದ ತಿಳಿನೀರಿನಲ್ಲಿ ನೈಲಾನಿಗಿಂತ ಕಡಿಮೆ ಕಾಣುವುದು. ಕಲ್ಲಿನ ಉಜ್ಜುವಿಕೆಯನ್ನು ಚೆನ್ನಾಗಿ ತಾಳುವುದು. ಬೆಲೆ ಹೆಚ್ಚು. ಆದುದರಿಂದ ಉದ್ದಕ್ಕೂ ಇದನ್ನು ಹಾಕದೆ, ಗಾಳದ ಕಡೆಯ ಒಂದು ಮೀಟರ್ ಮಾತ್ರ ‘ತುದಿದಾರ’ವಾಗಿ ಕಟ್ಟಿದರೆ ಸಾಕು.

ದಪ್ಪ ಮತ್ತು ಬಲದ ಲೆಕ್ಕ

ದಾರದ ಉಂಡೆಯ ಮೇಲೆ ಎರಡು ಅಂಕಿಗಳಿರುವುವು: ದಪ್ಪ ಮಿಲಿಮೀಟರಿನಲ್ಲಿ, ಬಲ ಕಿಲೋ ಅಥವಾ ಪೌಂಡಿನಲ್ಲಿ. ಒಂದು ಪೌಂಡ್ ಎಂದರೆ ಸುಮಾರು 450 ಗ್ರಾಂ. 10 ಪೌಂಡ್ ದಾರವೆಂದರೆ ನಾಲ್ಕೂವರೆ ಕಿಲೋ ಎಳೆತ ತಾಳುವ ದಾರ.

ಒಂದೇ ಬಗೆಯ ದಾರದಲ್ಲಿ ದಪ್ಪ ಇಮ್ಮಡಿಯಾದರೆ ಬಲ ಸುಮಾರು ನಾಲ್ಕರಷ್ಟಾಗುವುದು. 0.20 ಮಿಲಿಮೀಟರಿನಿಂದ 0.30ಕ್ಕೆ ಹೋದರೆ ದಪ್ಪ ಒಂದೂವರೆಯಷ್ಟು, ಬಲವೋ ಎರಡೂಕಾಲರಷ್ಟು. ಹಾಗಾದರೆ ದಪ್ಪನೆಯದನ್ನೇ ಏಕೆ ಕೊಳ್ಳಬಾರದು ಎಂದು ನೀವು ಕೇಳಬಹುದು. ದಪ್ಪ ದಾರ ಬಿರುಸು, ಸುರುಳಿ ಬಿಡುವುದಿಲ್ಲ, ದೂರ ಎಸೆಯಲಾಗದು, ಮೀನು ಮೂಸಿದ್ದು ಕೈಗೆ ತಿಳಿಯದು, ತಿಳಿನೀರಿನಲ್ಲಿ ಮೀನಿಗೆ ಕಾಣುವುದು. ರಾಟೆಯಲ್ಲಿ ಹಿಡಿಯುವ ಉದ್ದವೂ ಕಡಿಮೆ.

ಐದು ಕಿಲೋ ಮೀನಿಗೆ ಐದು ಕಿಲೋ ದಾರವೇ ಬೇಕೆಂಬ ನಿಯಮವೂ ಇಲ್ಲ. ನೀರಿನಲ್ಲಿ ಮೀನಿನ ತೂಕ ಕೈಗೆ ಬರುವುದಿಲ್ಲ. ಅದರ ಓಟದ ಎಳೆತ ಮಾತ್ರ ಬರುವುದು. ಬಾಗುವ ಕೋಲು, ಜಾರಿ ಬಿಡುವ ರಾಟೆ, ಹಿಗ್ಗುವ ದಾರ ಈ ಮೂರೂ ಆ ಎಳೆತವನ್ನು ಹಂಚಿಕೊಳ್ಳುವುವು. ಮೀನು ದಣಿಯುವವರೆಗೆ ಬಿಟ್ಟು ಬಿಟ್ಟು ಎಳೆಯುವ ತಾಳ್ಮೆ ನಿಮ್ಮದಾಗಿರಬೇಕು. ಆದರೆ ದಡಕ್ಕೆ ಬಂದ ಮೀನನ್ನು ದಾರ ಹಿಡಿದು ಮೇಲಕ್ಕೆ ಎತ್ತಬಾರದು. ನೀರು ಬಿಟ್ಟೊಡನೆ ಪೂರ್ತಿ ತೂಕ ದಾರದ ಮೇಲೆ ಬೀಳುವುದು. ಕೈಬಲೆಯಿಂದ ಎತ್ತಿರಿ.

ಕೋಲಿನ ಮೇಲಿನ ಬರಹ

ಪೇಟೆಯಲ್ಲಿ ಸಿಗುವ ಎಷ್ಟೋ ಕೋಲುಗಳ ಮೇಲೆ ‘ಬಾಸ್’ ಎಂದು ಬರೆದಿರುವುದು. ಬಾಸ್ ಎಂಬುದು ಉತ್ತರ ಅಮೆರಿಕದ ಮೀನು. ಜೊಂಡಿನ ಮರೆಯಲ್ಲಿ ಅಡಗಿದ್ದು ಕಪ್ಪೆ, ಸಣ್ಣ ಮೀನುಗಳ ಮೇಲೆ ಎರಗುವುದು. ಆ ದೇಶದವರು ಅದನ್ನು ಹಿಡಿಯುವ ಒಂದೊಂದು ವಿಧಾನಕ್ಕೂ ಒಂದೊಂದು ಕೋಲು, ಒಂದೊಂದು ದಾರ ಮಾಡಿಕೊಂಡಿದ್ದಾರೆ. ನಮ್ಮ ಕೆರೆಗಳಲ್ಲಿ ಅದರ ಸ್ವಭಾವಕ್ಕೆ ಹತ್ತಿರವಾದುದು ಹಾವಿನಂಥ ತಲೆಯ ಕೊರಮೀನು. ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ ಇವುಗಳ ಸ್ವಭಾವ ಬೇರೆ. ಆದುದರಿಂದ ಕೋಲಿನ ಮೇಲಿನ ‘ಬಾಸ್’ ಎಂಬ ಮಾತನ್ನು ಬಿಟ್ಟು, ಅದರ ಹತ್ತಿರ ಸಣ್ಣದಾಗಿ ಬರೆದಿರುವ ಅಂಕಿಯನ್ನು ನೋಡಿರಿ. ‘6-12 ಎಲ್‌ಬಿ’ ಎಂದಿದ್ದರೆ ಆರರಿಂದ ಹನ್ನೆರಡು ಪೌಂಡಿನ ದಾರ ಎಂದರ್ಥ.

ಆ ಮಿತಿಯನ್ನು ಮೀರಬಾರದು. ನೊಗಕ್ಕಿಂತ ಹಗ್ಗ ಬಲವಾಗಿದ್ದು ಎತ್ತು ಮುಗ್ಗರಿಸಿದರೆ ಮುರಿಯುವುದು ನೊಗ. ಹಾಗೆಯೇ ಎಳಸು ಕೋಲಿಗೆ 40 ಪೌಂಡಿನ ಹೆಣೆದ ದಾರ ಕಟ್ಟಿದರೆ, ಗಾಳ ಬೇರಿಗೆ ಸಿಕ್ಕಿಕೊಂಡಾಗ ಕೋಲು ಮುರಿಯುವುದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬ ಗಾದೆ ಇಲ್ಲಿಗೆ ಸರಿಹೊಂದುತ್ತದೆ.

ಯಾವ ಕೆಲಸಕ್ಕೆ ಯಾವ ದಾರ

(ಅ) ಬಿದಿರು ಕೋಲು, ಬೆಂಡು, ಎರೆಹುಳು: ದಡದ ಸಣ್ಣ ಮೀನಿಗೆ, ಜಿಲೇಬಿ ಮೀನಿಗೆ 0.18ರಿಂದ 0.20 ಮಿಲಿಮೀಟರಿನ ನೈಲಾನ್ ಸಾಕು. ದಾರದ ಉದ್ದ ಕೋಲಿನ ಉದ್ದದಷ್ಟೇ ಇರಲಿ. ರಾಟೆ ಇಲ್ಲದುದರಿಂದ ದಾರ ಬಿಡಲಾಗದು. ಕೋಲಿನ ತುದಿ ಬಾಗುವಂತಿರಬೇಕು.

(ಆ) ಕೃಷಿಹೊಂಡ: ಹೊಂಡದ ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿದ್ದರೆ ಸೀಸದ ಗುಂಡು ಕಟ್ಟಿ ತಳಕ್ಕೆ ಗಾಳ ಬಿಡಲೇಬೇಡಿ. ಗಾಳದ ಮೊನೆ ಹಾಳೆಯನ್ನು ತೂತು ಮಾಡಿದರೆ ಬೆಳೆಗೆ ಇಟ್ಟ ನೀರು ಇಂಗಿಹೋಗುವುದು. ಬೆಂಡು ಕಟ್ಟಿ, ಗಾಳವು ತಳದಿಂದ ಎರಡಡಿ ಮೇಲೆ ನಿಲ್ಲುವಂತೆ ದಾರವನ್ನು ಅಳತೆ ಮಾಡಿರಿ. ಮೂರು ಮೊನೆಯ ಗಾಳ ಬೇಡ. ಒಂದು ಮೊನೆಯದು ಸಾಕು.

(ಇ) ಮಧ್ಯಮ ಕೋಲು, ರಾಟೆ, ತಳದ ಗಾಳ: ರೋಹು, ಮೃಗಾಲ್, ಸಾಮಾನ್ಯ ಗೆಂಡೆಗಳಿಗೆ ರಾಗಿ ಹಿಟ್ಟು, ಕಡಲೆಕಾಯಿ ಹಿಂಡಿ ಸೇರಿಸಿ ಮಾಡಿದ ಉಂಡೆಯೇ ಊಟ. ಇದಕ್ಕೆ 0.28ರಿಂದ 0.35 ಮಿಲಿಮೀಟರಿನ ನೈಲಾನ್ ದಾರ ತಕ್ಕುದು. ಈ ಮೀನುಗಳ ತುಟಿ ಮೆತ್ತಗಿರುವುದು. ಹಿಗ್ಗದ ದಾರದಲ್ಲಿ ಜಗ್ಗಿದರೆ ತುಟಿ ಹರಿದು ಮೀನು ತಪ್ಪಿಸಿಕೊಳ್ಳುವುದು. ನೈಲಾನಿನ ಹಿಗ್ಗುವ ಗುಣ ಇಲ್ಲಿ ನಿಮ್ಮ ಸಹಾಯಕ್ಕೆ ಬರುತ್ತದೆ.

(ಈ) ಗಟ್ಟಿ ಕೋಲು, ಜೊಂಡಿನ ನಡುವೆ ಕೊರಮೀನು: ಇಲ್ಲಿ ನಿಯಮ ತಿರುವು. ಕೊರಮೀನಿನ ಬಾಯಿ ಗಟ್ಟಿ. ಕಚ್ಚಿದೊಡನೆ ಅದು ಜೊಂಡಿನೊಳಕ್ಕೆ ನುಗ್ಗುವುದು. ಹಿಗ್ಗುವ ದಾರವಾದರೆ ಗಾಳ ನಾಟುವುದಿಲ್ಲ. ತಡ ಮಾಡಿದರೆ ದಾರ ಜೊಂಡಿಗೆ ಸುತ್ತಿಕೊಳ್ಳುವುದು. ಆದುದರಿಂದ 30ರಿಂದ 50 ಪೌಂಡಿನ ಹೆಣೆದ ದಾರ, ಅಷ್ಟನ್ನು ತಾಳುವ ಗಟ್ಟಿ ಕೋಲು ಎರಡೂ ಬೇಕು. ಬದುಕಿರುವ ಕಪ್ಪೆಯನ್ನು ಗಾಳಕ್ಕೆ ಚುಚ್ಚಬೇಡಿ. ಕಪ್ಪೆ ಹುಳುಗಳನ್ನು ತಿಂದು ನಿಮ್ಮ ಬೆಳೆ ಕಾಯುವ ಪ್ರಾಣಿ. ರಬ್ಬರಿನ ಕಪ್ಪೆ ಅಂಗಡಿಯಲ್ಲಿ ಸಿಗುತ್ತದೆ. ನೀರಿನ ಮೇಲೆ ಕೆಂಪು ಮರಿಗಳ ಗುಂಪು ಕಂಡರೆ ಕೆಳಗೆ ತಾಯಿ ತಂದೆ ಮೀನುಗಳು ಕಾವಲಿವೆ ಎಂದು ತಿಳಿಯಿರಿ. ಅವನ್ನು ಹಿಡಿದರೆ ಮರಿಗಳೆಲ್ಲ ಬೇರೆ ಮೀನುಗಳ ಪಾಲು.

(ಉ) ಕಲ್ಲು ತಳದ ತಿಳಿನೀರು: ನೈಲಾನ್ ದಾರಕ್ಕೆ ಒಂದು ಮೀಟರ್ ಫ್ಲೂರೋಕಾರ್ಬನ್ ತುದಿದಾರ ಕಟ್ಟಿರಿ. ತುದಿದಾರವು ಮುಖ್ಯ ದಾರಕ್ಕಿಂತ ಸ್ವಲ್ಪ ಕಡಿಮೆ ಬಲದ್ದಾಗಿರಲಿ. ಆಗ ಕಲ್ಲಿಗೆ ಸಿಕ್ಕಿಕೊಂಡರೂ ಹರಿಯುವುದು ತುದಿ ಮಾತ್ರ. ನೀರಿನಲ್ಲಿ ಉಳಿಯುವ ದಾರವೂ ಒಂದು ಮೀಟರಿನೊಳಗೆ.

ಹೆಣೆದ ದಾರವನ್ನು ರಾಟೆಗೆ ಸುತ್ತುವ ಮೊದಲು ಕೆಲವು ಸುತ್ತು ನೈಲಾನ್ ಸುತ್ತಿರಿ. ಇಲ್ಲವಾದರೆ ನುಣುಪಾದ ರಾಟೆಯ ಮೇಲೆ ಇಡೀ ಸುರುಳಿಯೇ ಜಾರುವುದು. ರಾಟೆಯ ಬಿಗಿತವನ್ನು ದಾರದ ಬಲದ ನಾಲ್ಕನೆಯ ಒಂದು ಭಾಗದಿಂದ ಮೂರನೆಯ ಒಂದು ಭಾಗದೊಳಗೆ ಇಡಬೇಕು. 6 ಕಿಲೋ ದಾರವಾದರೆ ಒಂದೂವರೆಯಿಂದ ಎರಡು ಕಿಲೋ ಎಳೆತಕ್ಕೆ ರಾಟೆ ದಾರ ಬಿಡಬೇಕು.

ಗಂಟು

ನನ್ನ ದಾರ ಹರಿದದ್ದು ಗಂಟಿನ ಬಳಿ ಎಂದೆನಷ್ಟೆ. ಸಾಮಾನ್ಯವಾಗಿ ದಾರ ಹರಿಯುವುದೇ ಅಲ್ಲಿ. ನೈಲಾನಿಗೆ ಹೀಗೆ ಗಂಟು ಹಾಕಿರಿ: ದಾರವನ್ನು ಗಾಳದ ಕಣ್ಣಿಗೆ ಪೋಣಿಸಿ, ತುದಿಯನ್ನು ಮೂಲ ದಾರಕ್ಕೆ ಐದು ಸುತ್ತು ಸುತ್ತಿ, ಕಣ್ಣಿನ ಪಕ್ಕದ ಚಿಕ್ಕ ಕುಣಿಕೆಯೊಳಗೆ ತೂರಿಸಿ, ಆಗ ಉಂಟಾಗುವ ದೊಡ್ಡ ಕುಣಿಕೆಯೊಳಗೂ ತೂರಿಸಿ, ಮೆಲ್ಲನೆ ಎಳೆಯಿರಿ. ಹೆಣೆದ ದಾರಕ್ಕೆ: ದಾರವನ್ನು ಎರಡಾಗಿ ಮಡಿಸಿ ಕಣ್ಣಿಗೆ ಪೋಣಿಸಿ, ಸಾಮಾನ್ಯ ಗಂಟು ಸಡಿಲವಾಗಿ ಹಾಕಿ, ಮಡಿಕೆಯ ಕುಣಿಕೆಯೊಳಗಿಂದ ಗಾಳವನ್ನೇ ದಾಟಿಸಿ, ಬಿಗಿಯಿರಿ. ಎರಡರಲ್ಲೂ ಬಿಗಿಯುವ ಮೊದಲು ನೀರಿನಿಂದ ನೆನೆಸಬೇಕು. ಒಣಗಂಟನ್ನು ರಭಸದಿಂದ ಎಳೆದರೆ ಉಜ್ಜಿದ ಬಿಸಿಗೆ ನೈಲಾನ್ ಅಲ್ಲಿಯೇ ಕೆಡುವುದು.

ಮನೆಯಲ್ಲೇ ಮಾಡುವ ಪರೀಕ್ಷೆ

ಇದಕ್ಕೆ ತಕ್ಕಡಿಯೂ ಬೇಡ. ಒಂದು ಲೀಟರ್ ನೀರು ಒಂದು ಕಿಲೋ. ಬಕೆಟ್ಟಿನ ತೂಕವನ್ನು ಮೊದಲೇ ತಿಳಿದುಕೊಳ್ಳಿ. ದಾರದ ಒಂದು ತುದಿಯನ್ನು ನಯವಾದ ಮರದ ಕೊಂಬೆಗೆ ಏಳೆಂಟು ಸುತ್ತು ಸುತ್ತಿ ಕಟ್ಟಿರಿ. ಇನ್ನೊಂದು ತುದಿಗೆ ನಿಮ್ಮ ರೂಢಿಯ ಗಂಟಿನಿಂದ ಒಂದು ಬಳೆಯನ್ನು ಕಟ್ಟಿ, ಬಕೆಟ್ಟನ್ನು ಅದಕ್ಕೆ ತೂಗುಬಿಡಿ. ಬಕೆಟ್ಟು ನೆಲದಿಂದ ಒಂದು ಗೇಣು ಮಾತ್ರ ಮೇಲಿರಲಿ; ಕಾಲನ್ನು ದೂರವಿಡಿ. ಚೊಂಬಿನಿಂದ ಅಳತೆ ಮಾಡಿ ನೀರು ಹೊಯ್ಯುತ್ತ ಹೋಗಿ. ದಾರ ಹರಿದಾಗಿನ ನೀರಿನ ಲೆಕ್ಕಕ್ಕೆ ಬಕೆಟ್ಟಿನ ತೂಕ ಕೂಡಿಸಿದರೆ ನಿಮ್ಮ ದಾರದ ನಿಜವಾದ ಬಲ ಸಿಕ್ಕಿತು. ಹೊಸ ದಾರ, ಹೋದ ವರ್ಷದ ದಾರ, ಒಣಗಂಟು, ನೆನೆದ ಗಂಟು ಎಲ್ಲವನ್ನೂ ಹೀಗೆ ನೋಡಿ, ಮಕ್ಕಳಿಂದ ಗೋಡೆಯ ಮೇಲೆ ಬರೆಸಿರಿ. ಉಂಡೆಯ ಮೇಲೆ ಅಚ್ಚಾದ ಅಂಕಿಗೂ ನಿಮ್ಮ ಗೋಡೆಯ ಅಂಕಿಗೂ ಇರುವ ಅಂತರವೇ ಈ ಪಾಠದ ಅರ್ಧ.

ಕೆಲವು ಎಚ್ಚರಿಕೆಗಳು

ಕೆರೆಯ ಮೀನಿಗೆ ಹಕ್ಕುದಾರರಿದ್ದಾರೆ. ದೊಡ್ಡ ಕೆರೆಗಳನ್ನು ಮೀನುಗಾರಿಕೆ ಇಲಾಖೆಯೂ ಚಿಕ್ಕವನ್ನು ಗ್ರಾಮ ಪಂಚಾಯಿತಿಯೂ ಗುತ್ತಿಗೆಗೆ ಕೊಡುವುದುಂಟು. ಮರಿ ಬಿಟ್ಟು ಸಾಕಿದವರ ಅನುಮತಿ ಕೇಳದೆ ಗಾಳ ಹಾಕಬೇಡಿ.

ವೃಷಭಾವತಿಯು ಬೆಂಗಳೂರಿನ ಪಶ್ಚಿಮ ಭಾಗದ ಕೊಳಚೆಯನ್ನೂ ಕಾರ್ಖಾನೆಗಳ ನೀರನ್ನೂ ಹೊತ್ತು ಕೆಂಗೇರಿಯ ಮೇಲೆ ಹಾದು ಬಿಡದಿ ಬಳಿಯ ಬೈರಮಂಗಲ ಕೆರೆಗೆ ಸೇರುತ್ತದೆ. ಆ ನೀರಿನ ಮೀನನ್ನು ತಿನ್ನಬೇಡಿ, ಮಾರಬೇಡಿ. ಎಷ್ಟು ಒಳ್ಳೆಯ ದಾರದಲ್ಲಿ ಹಿಡಿದರೂ ಕೊಳಚೆಯ ಮೀನು ಕೊಳಚೆಯದೇ. ಮಂಚನಬೆಲೆ ಜಲಾಶಯದಲ್ಲಿ ನೀರಿಗಿಳಿದು ಪ್ರಾಣ ಕಳೆದುಕೊಂಡವರು ಅನೇಕರು. ಎಲ್ಲಿಯೇ ಆಗಲಿ, ಸಿಕ್ಕಿಕೊಂಡ ಗಾಳವನ್ನು ಬಿಡಿಸಲು ಆಳ ತಿಳಿಯದ ನೀರಿಗೆ ಇಳಿಯಬೇಡಿ. ಗಾಳ ಹೋದರೆ ಇನ್ನೊಂದು ಬರುವುದು.

ಹೊಸ ಬಗೆಯ ಕೋಲುಗಳು ಹೆಚ್ಚಾಗಿ ಕಾರ್ಬನ್ನಿನವು. ಕಾರ್ಬನ್ನಿನಲ್ಲಿ ವಿದ್ಯುತ್ ಹರಿಯುವುದು. ತಂತಿಯ ಕೆಳಗೆ ಕೋಲು ಎತ್ತಬಾರದು. ಗುಡುಗು ಕೇಳಿದೊಡನೆ ಕೋಲನ್ನು ಕೆಳಗಿಟ್ಟು ಏರಿಯಿಂದ ಇಳಿಯಬೇಕು.

ಹಳೆಯ ದಾರವನ್ನು ಏನು ಮಾಡಬೇಕು

ನೈಲಾನ್ ಮಣ್ಣಿನಲ್ಲಿ ಗೊಬ್ಬರವಾಗುವುದಿಲ್ಲ. ವರ್ಷಗಟ್ಟಲೆ ಹಾಗೆಯೇ ಇರುವುದು. ದನದ ಕಾಲು, ಕೊಕ್ಕರೆಯ ರೆಕ್ಕೆ, ನೀರುಕಾಗೆಯ ಕೊರಳು ಎಲ್ಲಕ್ಕೂ ಅದು ಉರುಳು. ಒಂದು ಖಾಲಿ ಬಾಟಲಿಯನ್ನು ಗಾಳದ ಚೀಲದಲ್ಲಿ ಇಟ್ಟುಕೊಳ್ಳಿ. ಕತ್ತರಿಸಿದ ತುಂಡು, ಹರಿದ ತುಂಡು, ಏರಿಯ ಮೇಲೆ ಇತರರು ಎಸೆದ ತುಂಡು ಎಲ್ಲವೂ ಆ ಬಾಟಲಿಗೆ ಹೋಗಲಿ. ತುಂಬಿದ ಮೇಲೆ ದಾರವನ್ನು ಬೆರಳುದ್ದದ ತುಂಡುಗಳಾಗಿ ಕತ್ತರಿಸಿ ಒಣ ಕಸದವರಿಗೆ ಕೊಡಿ, ಸುಡಬೇಡಿ. ದನದ ಕಾಲಿಗೆ ದಾರ ಸುತ್ತಿದ್ದು ಕಂಡರೆ ಎಳೆಯದೆ ಕತ್ತರಿಯಿಂದ ಕತ್ತರಿಸಿರಿ. ದನದ ಬಾಯಿಂದ ದಾರ ಜೋತಾಡುತ್ತಿದ್ದರೆ ಖಂಡಿತ ಜಗ್ಗಬೇಡಿ, ಒಳಗೆ ಗಾಳವಿರಬಹುದು. ತಡಮಾಡದೆ ಪಶುವೈದ್ಯರನ್ನು ಕರೆಯಿರಿ.

ಪ್ರತಿ ಮಳೆಗಾಲಕ್ಕೆ ನೈಲಾನ್ ದಾರವನ್ನು ಬದಲಾಯಿಸಿ. ಉಂಡೆಯನ್ನು ಬಿಸಿಲು ಬೀಳದ ಡಬ್ಬಿಯಲ್ಲಿ ಇಡಿ. ದಾರವನ್ನು ಬೆರಳಸಂದಿಯಲ್ಲಿ ಎಳೆದು ನೋಡಿ, ತರಿತರಿಯಾಗಿದ್ದರೆ ಆ ಭಾಗವನ್ನು ಕತ್ತರಿಸಿ ಬಾಟಲಿಗೆ ಹಾಕಿ.

ಮನೆಮಂದಿ ಕೂಡಿ ಉತ್ತರಿಸಬೇಕಾದ ಪ್ರಶ್ನೆಗಳು

1. ನಿಮ್ಮ ಕೋಲಿನ ಮೇಲೆ ಎಷ್ಟು ಪೌಂಡ್ ಎಂದು ಬರೆದಿದೆ? ಅದು ಎಷ್ಟು ಕಿಲೋ ಆಯಿತು?
2. ಗೆಂಡೆಗೆ ಹಿಗ್ಗುವ ದಾರ, ಕೊರಮೀನಿಗೆ ಹಿಗ್ಗದ ದಾರ ಏಕೆ?
3. ಹಾಳೆ ಹಾಸಿದ ಕೃಷಿಹೊಂಡದಲ್ಲಿ ಗಾಳ ತಳಕ್ಕೆ ತಗಲದಂತೆ ಹೇಗೆ ಕಟ್ಟುವಿರಿ?
4. ಕಳೆದ ಸಲ ಹರಿದ ನಿಮ್ಮ ದಾರ ಈಗ ಎಲ್ಲಿದೆ?

ನಾಲ್ಕನೆಯ ಪ್ರಶ್ನೆಗೆ ಉತ್ತರ ಗೊತ್ತಿಲ್ಲದವರು ನಾಳೆ ಬೆಳಗ್ಗೆ ದನ ಹೊಡೆದುಕೊಂಡು ಹೋಗುವ ಮೊದಲು ಏರಿಯ ಮೇಲೆ ಒಂದು ಸುತ್ತು ಹೋಗಿಬನ್ನಿ. ನಾನೂ ನನ್ನ ಬಾಟಲಿಯನ್ನು ಹಿಡಿದು ಬರುತ್ತೇನೆ.